ಸಂಯುಕ್ತವಸ್ತುಗಳ ಸೂತ್ರನಿರ್ಣಯ

ಪೀಠಿಕೆ

'ಸೂತ್ರ' ಎಂಬ ಶಬ್ದಕ್ಕೆ ನೂಲು, ದಾರ ಎಂಬುದು ಮೂಲಾರ್ಥ. ಬಿಡಿಬಿಡಿಯಾಗಿ ಚೆದುರಿದ ಮಣಿಗಳನ್ನು ಒಂದು ದಾರವು ಹೇಗೆ ಹಿಡಿದು ನಿಲ್ಲಿಸುವುದೋ ಹಾಗೆಯೇ ವಿಸ್ತಾರವಾದ ಶಾಸ್ತ್ರಾರ್ಥವನ್ನು ಕೆಲವೇ ಅಕ್ಷರಗಳಲ್ಲಿ ಹಿಡಿದು ನಿಲ್ಲಿಸುವ ವಾಕ್ಯಕ್ಕೂ ನಮ್ಮ ಪ್ರಾಚೀನರು ಅದೇ ಹೆಸರನ್ನಿತ್ತರು. ಸೂತ್ರವು ಅಲ್ಪಾಕ್ಷರಗಳಿಂದ ಕೂಡಿರಬೇಕು, ಸಂದೇಹಕ್ಕೆ ಎಡೆಗೊಡಬಾರದು, ಸಾರವತ್ತಾಗಿರಬೇಕು ಎಂಬುದು ಶಾಸ್ತ್ರಕಾರರ ಮತ. 13ನೆಯ ಶತಮಾನದ ಕೇಶಿರಾಜನು ಹಳಗನ್ನಡದ ವ್ಯಾಕರಣವನ್ನು 'ಶಬ್ದಮಣಿದರ್ಪಣ'ದಲ್ಲಿ ಇಂತಹ ಸೂತ್ರಗಳ ರೂಪದಲ್ಲಿಯೇ ನಿರೂಪಿಸಿದ್ದಾನೆ.

ರಸಾಯನಶಾಸ್ತ್ರಜ್ಞರೂ ಸೂತ್ರಕಾರರೇ ಸರಿ. ನೀರಿಗೆ ಅವರು 'ಎಚ್₂ ಒ' ಎಂದು ಬರೆಯುವರು. ಎರಡಕ್ಷರ, ಒಂದಂಕೆ. ಇಷ್ಟರಲ್ಲಿಯೇ ನೀರು ಯಾವ ಮೂಲವಸ್ತುಗಳಿಂದಾಯಿತು, ಅದರ ಒಂದೊಂದು ಅಣುವಿನಲ್ಲಿಯೂ ಯಾವ ಪರಮಾಣುಗಳು ಎಷ್ಟೆಷ್ಟಿವೆ, ತೂಕದಲ್ಲಿ ಯಾವುದು ಎಷ್ಟು ಪಾಲು ಎಂಬುದೆಲ್ಲವೂ ಅಡಕವಾಗಿದೆ. ಪ್ರೌಢಶಾಲೆಯ ವಿದ್ಯಾರ್ಥಿಯು ಈ ಸೂತ್ರಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವುದುಂಟು. ಆದರೆ ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ಪರಮಾಣುಗಳನ್ನು ಎಣಿಸಿದವರು ಯಾರು? ಎಣಿಸಿದ್ದು ಹೇಗೆ? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಸೂತ್ರವನ್ನು ಉರುಹೊಡೆಯುವುದು ಅರ್ಥವರಿಯದೆ ಶ್ಲೋಕವನ್ನು ಹೇಳಿದಂತೆ. ಪ್ರಕೃತ ಲೇಖನದಲ್ಲಿ ಸಂಯುಕ್ತವಸ್ತುವಿನ ಪ್ರಾಯೋಗಿಕ ಸೂತ್ರ, ಅಣುಸೂತ್ರ ಎಂಬೆರಡನ್ನೂ ಕಂಡುಹಿಡಿಯುವ ಕ್ರಮವನ್ನೂ, ಇವೆರಡರ ಭೇದವನ್ನು ಅರಿಯದೆ ವಿದ್ವಾಂಸರೇ ಅರ್ಧ ಶತಮಾನ ತೊಳಲಿದ ಬಗೆಯನ್ನೂ ವಿವರಿಸಲಾಗುವುದು.

ಅನುಪಾತ ಮತ್ತು ಎಣಿಕೆ

ಮಠದ ದಾಸೋಹದ ಅಡುಗೆಮನೆಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಮೂರು ಸೇರು ಅಕ್ಕಿಗೆ ಒಂದು ಸೇರು ಬೇಳೆ ಎಂಬ ಕಟ್ಟಳೆ ಇದೆಯೆಂದು ಭಾವಿಸೋಣ. ಸಣ್ಣ ಪಾತ್ರೆಯಲ್ಲಿ ಮಾಡಿದರೂ ದೊಡ್ಡ ಕೊಪ್ಪರಿಗೆಯಲ್ಲಿ ಮಾಡಿದರೂ ಆ ಅನುಪಾತವು ಒಂದೇ. ಒಂದು ತುತ್ತನ್ನು ಪರೀಕ್ಷಿಸಿದವನು ಅಕ್ಕಿಬೇಳೆಗಳ ಅನುಪಾತವನ್ನು ಹೇಳಬಲ್ಲನೇ ಹೊರತು ಕೊಪ್ಪರಿಗೆಗೆ ಎಷ್ಟು ಸೇರು ಬಿದ್ದಿತ್ತೆಂಬುದನ್ನು ಹೇಳಲಾರನು. ಅದನ್ನು ಹೇಳಬೇಕಾದರೆ ಕೊಪ್ಪರಿಗೆಯ ಒಟ್ಟು ತೂಕ ತಿಳಿಯಬೇಕು.

ರಸಾಯನಶಾಸ್ತ್ರದಲ್ಲಿಯೂ ಇದೇ ನ್ಯಾಯ. ಸಂಯುಕ್ತವಸ್ತುವೊಂದರಲ್ಲಿರುವ ಪರಮಾಣುಗಳ ಅತ್ಯಂತ ಸರಳವಾದ ಪೂರ್ಣಾಂಕದ ಅನುಪಾತವನ್ನು ಮಾತ್ರ ತಿಳಿಸುವ ಸೂತ್ರವು ಪ್ರಾಯೋಗಿಕ ಸೂತ್ರ. ಪ್ರಯೋಗದ ಅಳತೆಯಿಂದ ನೇರವಾಗಿ ದೊರೆಯುವುದರಿಂದ ಅದಕ್ಕೆ ಆ ಹೆಸರು. ಒಂದು ಅಣುವಿನಲ್ಲಿರುವ ಪರಮಾಣುಗಳ ನಿಜವಾದ ಎಣಿಕೆಯನ್ನು ತಿಳಿಸುವುದು ಅಣುಸೂತ್ರ. ಅಣುಸೂತ್ರವು ಪ್ರಾಯೋಗಿಕ ಸೂತ್ರದ ಪೂರ್ಣಾಂಕ ಗುಣಕವಾಗಿರುವುದು. ಆ ಗುಣಕವು ಒಂದೂ ಆಗಿರಬಹುದು, ಎರಡೋ ಆರೋ ಆಗಿರಬಹುದು.

ಈ ಭೇದವು ಕೇವಲ ಲೆಕ್ಕದ ಭೇದವಲ್ಲ. ಇಂಗಾಲದ ಸಂಕೇತ 'ಸಿ', ಜಲಜನಕದ ಸಂಕೇತ 'ಎಚ್', ಆಮ್ಲಜನಕದ ಸಂಕೇತ 'ಒ'. 'ಸಿ ಎಚ್₂ ಒ' ಎಂಬ ಪ್ರಾಯೋಗಿಕ ಸೂತ್ರವುಳ್ಳ ನಾಲ್ಕು ವಸ್ತುಗಳನ್ನು ನೋಡಿರಿ. ಸತ್ತ ಪ್ರಾಣಿಗಳ ದೇಹವನ್ನು ಕೆಡದಂತೆ ಇರಿಸಲು ಬಳಸುವ ಫಾರ್ಮಲಿನ್ ದ್ರಾವಣದಲ್ಲಿರುವ ಫಾರ್ಮಾಲ್ಡಿಹೈಡ್ ಒಂದು, ಅದು ವಿಷ. ವಿನಿಗರಿನ ಹುಳಿಗೆ ಕಾರಣವಾದ ಅಸಿಟಿಕ್ ಆಮ್ಲ ಎರಡನೆಯದು. ಮೊಸರಿನ ಹುಳಿಗೆ ಕಾರಣವಾದ ಲ್ಯಾಕ್ಟಿಕ್ ಆಮ್ಲ ಮೂರನೆಯದು. ಸ್ವೀಡನ್ನಿನ ಷೀಲೆ ಎಂಬಾತನು 1780ರಲ್ಲಿ ಹುಳಿತ ಹಾಲಿನಿಂದ ಅದನ್ನು ಬೇರ್ಪಡಿಸಿದನು. ನಮ್ಮ ರಕ್ತದಲ್ಲಿ ಸಂಚರಿಸಿ ದೇಹಕ್ಕೆ ಶಕ್ತಿಯನ್ನೀಯುವ ಗ್ಲೂಕೋಸ್ ಅಥವಾ ದ್ರಾಕ್ಷಿಸಕ್ಕರೆ ನಾಲ್ಕನೆಯದು. ವಿಷವೂ ಆಹಾರವೂ ಒಂದೇ ಅನುಪಾತದಲ್ಲಿ ಅಡಗಿವೆ! ಅನುಪಾತವನ್ನು ತಿಳಿದವನು ವಸ್ತುವನ್ನೇ ತಿಳಿದೆನೆಂದು ಭ್ರಮಿಸಿದರೆ ಎಂತಹ ಅನರ್ಥವಾದೀತೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಪ್ರಾಯೋಗಿಕ ಸೂತ್ರವು ಅಲ್ಪಾಕ್ಷರವಾದರೂ ಅಸಂದಿಗ್ಧವಲ್ಲ.

ಪ್ರಾಯೋಗಿಕ ಸೂತ್ರವನ್ನು ಕಂಡುಹಿಡಿಯುವ ಕ್ರಮ

ಈ ಕಾರ್ಯದಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಮೊದಲನೆಯದು, ನೂರು ಗ್ರಾಂ ವಸ್ತುವಿನಲ್ಲಿ ಒಂದೊಂದು ಮೂಲವಸ್ತುವೂ ಎಷ್ಟೆಷ್ಟು ಗ್ರಾಂ ಇದೆಯೆಂದು ಪ್ರಯೋಗದಿಂದ ತಿಳಿಯುವುದು. ಎರಡನೆಯದು, ಆಯಾ ತೂಕವನ್ನು ಆಯಾ ಮೂಲವಸ್ತುವಿನ ಪರಮಾಣುತೂಕದಿಂದ ಭಾಗಿಸುವುದು. ಮೂರನೆಯದು, ಬಂದ ಭಾಗಲಬ್ಧಗಳನ್ನು ಅವುಗಳಲ್ಲಿ ಅತಿ ಚಿಕ್ಕದಾದುದರಿಂದ ಭಾಗಿಸುವುದು. ನಾಲ್ಕನೆಯದು, ಭಿನ್ನರಾಶಿಯುಳಿದರೆ ಎಲ್ಲವನ್ನೂ ತಕ್ಕದೊಂದು ಪೂರ್ಣಾಂಕದಿಂದ ಗುಣಿಸಿ ಪೂರ್ಣಾಂಕಗಳನ್ನಾಗಿ ಮಾಡುವುದು.

ಎರಡನೆಯ ಮೆಟ್ಟಿಲಿನ ಔಚಿತ್ಯವನ್ನು ವಿದ್ಯಾರ್ಥಿಗಳು ಚೆನ್ನಾಗಿ ಮನಗಾಣಬೇಕು. ಒಂದು ಮೂಟೆ ತೆಂಗಿನಕಾಯಿ, ಅಷ್ಟೇ ತೂಕದ ಒಂದು ಮೂಟೆ ಅಡಕೆ ಇದ್ದರೆ ಎಣಿಕೆಯಲ್ಲಿ ಅವೆರಡೂ ಸಮವಲ್ಲ. ಮೂಟೆಯ ತೂಕವನ್ನು ಒಂದು ಕಾಯಿಯ ತೂಕದಿಂದ ಭಾಗಿಸಿದಾಗ ಮಾತ್ರ ಎಣಿಕೆಯು ದೊರೆಯುವುದು. ಪರಮಾಣುವೊಂದರ ತೂಕವು ಗ್ರಾಮಿನಲ್ಲಿ ಹೇಳಲಾಗದಷ್ಟು ಅಲ್ಪವಾದುದರಿಂದ ಸಾಪೇಕ್ಷವಾದ ಪರಮಾಣುತೂಕಗಳನ್ನು ಬಳಸುವರು: ಜಲಜನಕಕ್ಕೆ 1, ಇಂಗಾಲಕ್ಕೆ 12, ಸಾರಜನಕಕ್ಕೆ 14, ಆಮ್ಲಜನಕಕ್ಕೆ 16, ಕಬ್ಬಿಣಕ್ಕೆ ಹೆಚ್ಚುಕಡಿಮೆ 56. ಪರಮಾಣುತೂಕದಷ್ಟು ಗ್ರಾಂ ತೆಗೆದುಕೊಂಡರೆ ಯಾವ ಮೂಲವಸ್ತುವಿನಲ್ಲಾದರೂ ಪರಮಾಣುಗಳ ಎಣಿಕೆಯು ಒಂದೇ. ಆ ಎಣಿಕೆಗೆ ಒಂದು ಮೋಲ್ ಎಂದು ಹೆಸರು. 2019ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿರ್ಣಯದಂತೆ ಅದು 6.02214076ನ್ನು ಹತ್ತರ 23ನೆಯ ಘಾತದಿಂದ ಗುಣಿಸಿದಷ್ಟು.

ಮೊದಲು ಕಾವಿಯ ಉದಾಹರಣೆ. ಕಾವಿಕಲ್ಲಿನ ಕೆಂಪಿಗೂ ಸಂಡೂರಿನ ಬೆಟ್ಟಗಳ ಹೆಮಟೈಟ್ ಅದಿರಿನ ಕೆಂಪಿಗೂ ಕಾರಣವಾದುದು ಕಬ್ಬಿಣದ ಒಂದು ಆಕ್ಸೈಡ್. ಅದನ್ನು ಶುದ್ಧಗೊಳಿಸಿ ವಿಶ್ಲೇಷಿಸಿದರೆ ನೂರು ಗ್ರಾಮಿನಲ್ಲಿ 70 ಗ್ರಾಂ ಕಬ್ಬಿಣ, 30 ಗ್ರಾಂ ಆಮ್ಲಜನಕ ದೊರೆಯುವುದು. 70ನ್ನು 56ರಿಂದ ಭಾಗಿಸಿದರೆ 1.25; 30ನ್ನು 16ರಿಂದ ಭಾಗಿಸಿದರೆ 1.875. ಚಿಕ್ಕದಾದ 1.25ರಿಂದ ಎರಡನ್ನೂ ಭಾಗಿಸಿದರೆ 1 ಮತ್ತು 1.5. ಇಲ್ಲಿ ಅವಸರದ ವಿದ್ಯಾರ್ಥಿಯು ಒಂದೂವರೆಯನ್ನು ಎರಡೆಂದು ತಿದ್ದಿಬಿಡುವನು. ಅದು ತಪ್ಪು. ಪರಮಾಣುವು ಅರ್ಧವಾಗಲಾರದು ನಿಜ. ಆದರೆ ಅದಕ್ಕೆ ಪರಿಹಾರವು ಒಂದಂಕೆಯನ್ನು ಮನಬಂದಂತೆ ಏರಿಸುವುದಲ್ಲ, ಎರಡನ್ನೂ ಎರಡರಿಂದ ಗುಣಿಸುವುದು. ಆಗ 2 ಮತ್ತು 3 ಬರುವುವು. ಕಬ್ಬಿಣದ ಎರಡು ಪರಮಾಣುಗಳಿಗೆ ಆಮ್ಲಜನಕದ ಮೂರು. 'ಎಫ್‌ಇ₂ ಒ₃' ಎಂಬುದೇ ಅದರ ಸೂತ್ರ.

ದಹನದಿಂದ ವಿಶ್ಲೇಷಣೆ

ಇಂಗಾಲ, ಜಲಜನಕ, ಆಮ್ಲಜನಕಗಳಿಂದಾದ ವಸ್ತುಗಳನ್ನು ವಿಶ್ಲೇಷಿಸುವ ವಿಧಾನವು ಸ್ವಾರಸ್ಯಕರವಾದುದು. ವಸ್ತುವನ್ನು ಸುಟ್ಟು ಬಂದುದನ್ನು ತೂಗುವುದೇ ಇದರ ತಿರುಳು. ಜರ್ಮನಿಯ ಗೀಸನ್ ನಗರದ ಪ್ರಾಧ್ಯಾಪಕನಾದ ಯುಸ್ಟುಸ್ ಲೀಬಿಗ್ 1831ರಲ್ಲಿ ಇದಕ್ಕೆ ಸುಲಭವೂ ನಿಖರವೂ ಆದ ಉಪಕರಣವನ್ನು ರೂಪಿಸಿದನು. ತೂಕ ಮಾಡಿದ ವಸ್ತುವನ್ನು ತಾಮ್ರದ ಆಕ್ಸೈಡಿನೊಡನೆ ಕೊಳವೆಯಲ್ಲಿಟ್ಟು ಚೆನ್ನಾಗಿ ಕಾಯಿಸಿದರೆ ಅದರಲ್ಲಿರುವ ಇಂಗಾಲವೆಲ್ಲವೂ ಇಂಗಾಲದ ಡೈಆಕ್ಸೈಡ್ ಅನಿಲವಾಗಿ, ಜಲಜನಕವೆಲ್ಲವೂ ನೀರಿನ ಆವಿಯಾಗಿ ಹೊರಬರುವುವು. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ನಳಿಕೆಯು ನೀರನ್ನು ಹೀರುವುದು. ಪೊಟ್ಯಾಷ್ ದ್ರಾವಣವಿರುವ, ಐದು ಗುಂಡುಗಳ ಗಾಜಿನ ಪಾತ್ರೆಯು ಇಂಗಾಲದ ಡೈಆಕ್ಸೈಡನ್ನು ಹೀರುವುದು. ಪ್ರಯೋಗಕ್ಕೆ ಮುಂಚೆ ಇವುಗಳ ತೂಕವೆಷ್ಟು, ಅನಂತರ ಎಷ್ಟು ಎಂಬುದರ ಅಂತರವೇ ಉತ್ತರ. ಆ ಐದು ಗುಂಡುಗಳ ಆಕೃತಿಯು ಅಮೆರಿಕದ ರಸಾಯನವಿಜ್ಞಾನ ಸಂಘದ ಲಾಂಛನದಲ್ಲಿ ಇಂದಿಗೂ ಇದೆ.

ಮೊಸರಿನ ಆಮ್ಲವನ್ನೇ ತೆಗೆದುಕೊಳ್ಳೋಣ. ಶುದ್ಧವಾದ 0.900 ಗ್ರಾಂ ಲ್ಯಾಕ್ಟಿಕ್ ಆಮ್ಲವನ್ನು ಸುಟ್ಟರೆ 1.320 ಗ್ರಾಂ ಇಂಗಾಲದ ಡೈಆಕ್ಸೈಡೂ 0.540 ಗ್ರಾಂ ನೀರೂ ದೊರೆಯುವುವು. 44 ಭಾಗ ಇಂಗಾಲದ ಡೈಆಕ್ಸೈಡಿನಲ್ಲಿ ಇಂಗಾಲವು 12 ಭಾಗ. ಆದುದರಿಂದ 1.320ನ್ನು 12ರಿಂದ ಗುಣಿಸಿ 44ರಿಂದ ಭಾಗಿಸಿದರೆ ಇಂಗಾಲದ ತೂಕ 0.360 ಗ್ರಾಂ. 18 ಭಾಗ ನೀರಿನಲ್ಲಿ ಜಲಜನಕವು 2 ಭಾಗ. ಆದುದರಿಂದ 0.540ನ್ನು 2ರಿಂದ ಗುಣಿಸಿ 18ರಿಂದ ಭಾಗಿಸಿದರೆ ಜಲಜನಕದ ತೂಕ 0.060 ಗ್ರಾಂ. ಎರಡೂ ಕೂಡಿ 0.420 ಗ್ರಾಂ. ಮೂಲದ 0.900ರಲ್ಲಿ ಇದನ್ನು ಕಳೆದುಳಿದ 0.480 ಗ್ರಾಂ ಆಮ್ಲಜನಕ.

ಶೇಕಡಾವಾರು ನೋಡಿದರೆ ಇಂಗಾಲ 40, ಜಲಜನಕ 6.67, ಆಮ್ಲಜನಕ 53.33. ಪರಮಾಣುತೂಕಗಳಿಂದ ಭಾಗಿಸಿದರೆ ಕ್ರಮವಾಗಿ 3.33, 6.67, 3.33. ಅತಿ ಚಿಕ್ಕದಾದ 3.33ರಿಂದ ಭಾಗಿಸಿದರೆ 1, 2, 1. ಪ್ರಾಯೋಗಿಕ ಸೂತ್ರವು 'ಸಿ ಎಚ್₂ ಒ'. ವಿನಿಗರಿನ ಆಮ್ಲವನ್ನಾಗಲೀ ಗ್ಲೂಕೋಸನ್ನಾಗಲೀ 0.900 ಗ್ರಾಂ ಸುಟ್ಟರೂ ಇವೇ ಅಂಕಿಗಳು ಬರುವುವು. ಬೆಂಕಿಯು ಅನುಪಾತವನ್ನು ಮಾತ್ರ ನುಡಿಯುವುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆಮ್ಲಜನಕವನ್ನು ನೇರವಾಗಿ ತೂಗಲಿಲ್ಲ. ಉಳಿದುದೆಲ್ಲವೂ ಆಮ್ಲಜನಕವೆಂದು ಭಾವಿಸಲಾಯಿತು. ವಸ್ತುವಿನಲ್ಲಿ ಸಾರಜನಕವೋ ಗಂಧಕವೋ ಇದ್ದು ಅದನ್ನು ಮೊದಲೇ ಪರೀಕ್ಷಿಸದಿದ್ದರೆ ಅದರ ತೂಕವೂ ಆಮ್ಲಜನಕದ ಲೆಕ್ಕಕ್ಕೆ ಸೇರಿಬಿಡುವುದು. ಇತರ ಅಳತೆಗಳಲ್ಲಿ ಉಂಟಾದ ತಪ್ಪುಗಳ ಹೊರೆಯೂ ಈ ಶೇಷದ ಮೇಲೆಯೇ ಬೀಳುವುದು.

ಸಕ್ಕರೆಯು ಕಲಿಸುವ ಪಾಠ

ತೂಕದಲ್ಲಿ ನಿಷ್ಠೆ ಏಕೆ ಬೇಕೆಂಬುದನ್ನು ಕಬ್ಬಿನ ಸಕ್ಕರೆಯು ಚೆನ್ನಾಗಿ ತಿಳಿಸುವುದು. ಅದರಲ್ಲಿ ಇಂಗಾಲ ಶೇಕಡಾ 42.11, ಜಲಜನಕ 6.43, ಆಮ್ಲಜನಕ 51.46. ಪರಮಾಣುತೂಕಗಳಿಂದ ಭಾಗಿಸಿದರೆ 3.509, 6.43, 3.216. ಅತಿ ಚಿಕ್ಕದಾದ 3.216ರಿಂದ ಭಾಗಿಸಿದರೆ 1.091, 2.00, 1. ಈ 1.091 ಎಂಬುದನ್ನು ಒಂದೆಂದು ಬಿಟ್ಟುಬಿಡುವ ಮೋಹ ಬಹಳ. ಬಿಟ್ಟರೆ ಮತ್ತೆ 'ಸಿ ಎಚ್₂ ಒ' ಬರುವುದು; ಕಬ್ಬಿನ ಸಕ್ಕರೆಯೂ ಗ್ಲೂಕೋಸೂ ಒಂದೇ ಆಗಿಬಿಡುವುವು. ಆದರೆ 0.091 ಎಂಬುದು ಹನ್ನೊಂದರಲ್ಲಿ ಒಂದು ಭಾಗ. ಎಲ್ಲವನ್ನೂ 11ರಿಂದ ಗುಣಿಸಿದರೆ 12, 22, 11 ಎಂಬ ಪೂರ್ಣಾಂಕಗಳು ಒಡಮೂಡುವುವು. 'ಸಿ₁₂ ಎಚ್₂₂ ಒ₁₁' ಎಂಬುದು ಸಕ್ಕರೆಯ ಪ್ರಾಯೋಗಿಕ ಸೂತ್ರ. ಅದರ ಅಣುತೂಕವು 342 ಆಗಿರುವುದರಿಂದ ಅಣುಸೂತ್ರವೂ ಅದೇ.

ಗ್ಲೂಕೋಸಿನಲ್ಲಿ ಇಂಗಾಲ ನೂರಕ್ಕೆ 40, ಸಕ್ಕರೆಯಲ್ಲಿ ನೂರಕ್ಕೆ 42.11. ಎರಡು ಚಿಲ್ಲರೆಯ ಈ ವ್ಯತ್ಯಾಸವನ್ನು ತಕ್ಕಡಿಯು ಹಿಡಿಯದಿದ್ದರೆ, ಅಥವಾ ಹಿಡಿದರೂ ಲೆಕ್ಕ ಮಾಡುವವನು ಅಲಕ್ಷಿಸಿದರೆ, ಎರಡು ವಸ್ತುಗಳು ಒಂದಾಗಿಬಿಡುವುವು. ಛಂದಸ್ಸಿನಲ್ಲಿ ಒಂದು ಮಾತ್ರೆ ತಪ್ಪಿದರೆ ಪದ್ಯವು ಕೆಡುವುದು. ಇಲ್ಲಿ ದಶಾಂಶ ತಪ್ಪಿದರೆ ಪದಾರ್ಥವೇ ಬೇರೆಯಾಗುವುದು.

ಅನ್ಯೋನ್ಯಾಶ್ರಯ ದೋಷ

ಇಷ್ಟು ಹೇಳಿದ ಮೇಲೆ ಸೂಕ್ಷ್ಮಬುದ್ಧಿಯ ವಿದ್ಯಾರ್ಥಿಯೊಬ್ಬನು ಹೀಗೆ ಆಕ್ಷೇಪಿಸಬಹುದು: "ಆಮ್ಲಜನಕದ ಪರಮಾಣುತೂಕ 16 ಎಂದು ಮೊದಲೇ ತಿಳಿದಿದ್ದರಿಂದ ಸೂತ್ರವು ದೊರೆಯಿತು. ಆ 16 ಎಲ್ಲಿಂದ ಬಂತು?" ಈ ಆಕ್ಷೇಪವು ಯುಕ್ತವಾದುದೇ. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಐರೋಪ್ಯ ವಿದ್ವಾಂಸರನ್ನು ಕಾಡಿದ ಪ್ರಶ್ನೆಯೂ ಇದೇ.

ನೀರಿನಲ್ಲಿ 1 ಭಾಗ ಜಲಜನಕಕ್ಕೆ 8 ಭಾಗ ಆಮ್ಲಜನಕವಿರುವುದು. ಇದು ತಕ್ಕಡಿಯ ಮಾತು, ಇದರಲ್ಲಿ ವಿವಾದವಿಲ್ಲ. ಪರಮಾಣುವಾದವನ್ನು ಆಧುನಿಕ ರಸಾಯನಶಾಸ್ತ್ರಕ್ಕೆ ತಂದ ಇಂಗ್ಲೆಂಡಿನ ಜಾನ್ ಡಾಲ್ಟನ್, ಎರಡು ಮೂಲವಸ್ತುಗಳಿಂದಾದ ಒಂದೇ ಸಂಯುಕ್ತವು ತಿಳಿದಿದ್ದರೆ ಅದರಲ್ಲಿ ಒಂದೊಂದೇ ಪರಮಾಣು ಇರುವುದೆಂದು ಭಾವಿಸಿದನು. ಹಾಗಾದರೆ ನೀರು 'ಎಚ್ ಒ', ಆಮ್ಲಜನಕದ ಪರಮಾಣುತೂಕ 8. ನೀರಿನಲ್ಲಿ ಜಲಜನಕದ ಪರಮಾಣುಗಳು ಎರಡಿದ್ದರೆ ಆಮ್ಲಜನಕದ ಪರಮಾಣುತೂಕ 16. ಸೂತ್ರ ತಿಳಿಯಲು ಪರಮಾಣುತೂಕ ಬೇಕು. ಪರಮಾಣುತೂಕ ತಿಳಿಯಲು ಸೂತ್ರ ಬೇಕು. ಇದನ್ನೇ ನಮ್ಮ ತರ್ಕಶಾಸ್ತ್ರವು ಅನ್ಯೋನ್ಯಾಶ್ರಯ ದೋಷವೆಂದು ಕರೆಯುವುದು. ಒಂದರ ಸಿದ್ಧಿಗೆ ಮತ್ತೊಂದು, ಆ ಮತ್ತೊಂದರ ಸಿದ್ಧಿಗೆ ಮೊದಲನೆಯದು, ಎರಡೂ ಸಿದ್ಧಿಸವು. ಮುಂದೆ 1818ರಲ್ಲಿ ಫ್ರಾನ್ಸಿನ ಥೆನಾರ್ ಕಂಡುಹಿಡಿದ ಹೈಡ್ರೊಜನ್ ಪೆರಾಕ್ಸೈಡಿಗೆ 'ಎಚ್ ಒ' ಎಂಬುದು ಪ್ರಾಯೋಗಿಕ ಸೂತ್ರವಾಗಿ ಸಲ್ಲುವುದು. ಅದರ ಅಣುಸೂತ್ರ 'ಎಚ್₂ ಒ₂'.

ಈ ದೋಷದಿಂದ ಬಿಡಿಸಿಕೊಳ್ಳುವ ದಾರಿಯು ಬೇಗನೆಯೇ ಗೋಚರಿಸಿತ್ತು. ಎರಡು ಗಾತ್ರ ಜಲಜನಕವೂ ಒಂದು ಗಾತ್ರ ಆಮ್ಲಜನಕವೂ ಕೂಡಿದರೆ ಎರಡು ಗಾತ್ರ ನೀರಾವಿಯಾಗುವುದು. ಅನಿಲಗಳು ಇಂತಹ ಸರಳ ಗಾತ್ರಗಳಲ್ಲಿ ಕೂಡುವುವೆಂಬ ನಿಯಮವನ್ನು ಗೇ-ಲ್ಯೂಸಾಕ್ 1808ರಲ್ಲಿ ಸಾರಿದನು. ಇಟಲಿಯ ಅಮೆಡಿಯೊ ಅವೊಗಾಡ್ರೊ 1811ರಲ್ಲಿ ಅದರ ಮರ್ಮವನ್ನು ಬಿಡಿಸಿದನು: ಒಂದೇ ಉಷ್ಣತೆ, ಒಂದೇ ಒತ್ತಡಗಳಲ್ಲಿ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ, ಆಮ್ಲಜನಕದ ಒಂದು ಅಣುವಿನಲ್ಲಿ ಎರಡು ಪರಮಾಣುಗಳಿದ್ದು ಅವು ಎರಡಾಗಿ ಒಡೆದು ಎರಡು ನೀರಿನ ಅಣುಗಳಿಗೆ ಹಂಚಿಹೋಗುವುವು. ಆದರೆ ಒಂದೇ ಬಗೆಯ ಪರಮಾಣುಗಳು ತಮ್ಮೊಳಗೆ ತಾವೇ ಕೂಡುವುದನ್ನು ಅಂದಿನ ಅನೇಕ ವಿದ್ವಾಂಸರು ಒಪ್ಪಲಿಲ್ಲ. ಅವೊಗಾಡ್ರೊವಿನ ಮಾತು ಹೆಚ್ಚಿನವರ ಕಿವಿಗೆ ಬೀಳಲಿಲ್ಲ. 1856ರಲ್ಲಿ ಟ್ಯೂರಿನ್ ನಗರದಲ್ಲಿ ತೀರಿಕೊಂಡಾಗಲೂ ಆತನ ಸಿದ್ಧಾಂತಕ್ಕೆ ಮನ್ನಣೆ ದೊರೆತಿರಲಿಲ್ಲ.

ಪರಿಣಾಮವಾಗಿ ಒಬ್ಬೊಬ್ಬರದು ಒಂದೊಂದು ಸೂತ್ರವಾಯಿತು. ಕೆಲವರು ಆಮ್ಲಜನಕವನ್ನು 8 ಎಂದು ಹಿಡಿದರು, ಕೆಲವರು 16 ಎಂದು. ಇಂಗಾಲವು ಕೆಲವರಿಗೆ 6, ಕೆಲವರಿಗೆ 12. ಜರ್ಮನಿಯ ಕೆಕುಲೆ 1861ರ ತನ್ನ ಪಠ್ಯಗ್ರಂಥದಲ್ಲಿ ಅಸಿಟಿಕ್ ಆಮ್ಲವೊಂದಕ್ಕೇ ಆಗ ಬಳಕೆಯಲ್ಲಿದ್ದ ಹತ್ತೊಂಬತ್ತು ಸೂತ್ರಗಳನ್ನು ಪಟ್ಟಿಮಾಡಿ ತೋರಿಸಿದನು. ಒಂದು ವಸ್ತುವಿಗೆ ಹತ್ತೊಂಬತ್ತು ಸೂತ್ರಗಳಿದ್ದರೆ ಸೂತ್ರವು ಸೂತ್ರವಾಗಿ ಉಳಿಯುವುದೆಂತು? ದಾರವೇ ಗೋಜಲಾದರೆ ಮಣಿಗಳನ್ನು ಪೋಣಿಸುವ ಬಗೆಯೆಂತು?

ತರಗತಿಯಿಂದ ಬಂದ ಪರಿಹಾರ

ಈ ಗೋಜಲನ್ನು ಬಿಡಿಸಿದವನು ಜಿನೋವಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಸ್ಟಾನಿಸ್ಲಾವೊ ಕನಿಜಾರೊ. 1848ರ ಸಿಸಿಲಿಯ ಕ್ರಾಂತಿಯಲ್ಲಿ ಪಾಲ್ಗೊಂಡು, ಅದು ವಿಫಲವಾದಾಗ ಫ್ರಾನ್ಸಿಗೆ ತಲೆಮರೆಸಿಕೊಂಡು ಹೋಗಿದ್ದ ಈತನು ಅನಂತರ ಸ್ವದೇಶಕ್ಕೆ ಮರಳಿ ಅಧ್ಯಾಪಕನಾಗಿದ್ದನು. ವಿದ್ಯಾರ್ಥಿಗಳಿಗೆ ತಾನು ಕಲಿಸುತ್ತಿದ್ದ ಪಾಠಕ್ರಮದ ಸಾರವನ್ನು 1858ರಲ್ಲಿ ಪತ್ರರೂಪದ ಲೇಖನವಾಗಿ ಪ್ರಕಟಿಸಿದನು.

ಆತನ ಯುಕ್ತಿಯು ಸರಳವಾದುದು. ಅವೊಗಾಡ್ರೊ ಹೇಳಿದಂತೆ ಸಮಗಾತ್ರದಲ್ಲಿ ಸಮಸಂಖ್ಯೆಯ ಅಣುಗಳಿರುವುದರಿಂದ, ಅನಿಲವು ಜಲಜನಕಕ್ಕಿಂತ ಎಷ್ಟು ಪಾಲು ಭಾರವೆಂದು ತೂಗಿದರೆ ಅಣುತೂಕವು ತಿಳಿಯುವುದು. ಜಲಜನಕದ ಅಣುವಿನಲ್ಲಿ ಎರಡು ಪರಮಾಣುಗಳಿರುವುದರಿಂದ ಆ ಸಾಂದ್ರತೆಯನ್ನು ಇಮ್ಮಡಿ ಮಾಡಬೇಕು. ನೀರಾವಿಯು ಜಲಜನಕದ ಒಂಬತ್ತರಷ್ಟು ಭಾರ. ಅದರ ಅಣುತೂಕ 18. ಇಲ್ಲಿ ಸೂತ್ರದ ಹಂಗಿಲ್ಲ. ಅನಂತರ ಒಂದೇ ಮೂಲವಸ್ತುವುಳ್ಳ ಹಲವು ಸಂಯುಕ್ತಗಳನ್ನು ತೆಗೆದುಕೊಂಡು ಒಂದೊಂದರ ಅಣುತೂಕದಲ್ಲಿ ಆ ಮೂಲವಸ್ತುವಿನ ಪಾಲೆಷ್ಟೆಂದು ನೋಡಬೇಕು. ಇಂಗಾಲವನ್ನು ಗಮನಿಸಿರಿ: ಮೀಥೇನಿನ 16ರಲ್ಲಿ 12, ಇಂಗಾಲದ ಮೊನಾಕ್ಸೈಡಿನ 28ರಲ್ಲಿ 12, ಡೈಆಕ್ಸೈಡಿನ 44ರಲ್ಲಿ 12, ಎಥಿಲೀನಿನ 28ರಲ್ಲಿ 24, ಬೆಂಜೀನಿನ 78ರಲ್ಲಿ 72. ಎಲ್ಲವೂ 12ರ ಗುಣಕಗಳು. 12ಕ್ಕಿಂತ ಕಡಿಮೆಯಾದುದು ಎಲ್ಲಿಯೂ ಇಲ್ಲ. ಆದುದರಿಂದ ಇಂಗಾಲದ ಒಂದು ಪರಮಾಣುವಿನ ತೂಕ 12. ಇದೇ ಬಗೆಯಿಂದ ಆಮ್ಲಜನಕಕ್ಕೆ 16 ಸಿದ್ಧಿಸುವುದು. ಪರಮಾಣುತೂಕವು ಸೂತ್ರದ ಆಸರೆಯಿಲ್ಲದೆ ದೊರೆತುದರಿಂದ ಅನ್ಯೋನ್ಯಾಶ್ರಯವು ಹರಿಯಿತು.

1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ನೂರಕ್ಕೂ ಹೆಚ್ಚು ರಸಾಯನವಿಜ್ಞಾನಿಗಳು ಈ ಗೊಂದಲದ ಪರಿಹಾರಕ್ಕಾಗಿ ಮೂರು ದಿನ ಸಭೆ ಸೇರಿದರು. ಸಭೆಯಲ್ಲಿ ಒಮ್ಮತ ಮೂಡಲಿಲ್ಲ. ಸಭೆ ಮುಗಿದು ಹೊರಡುವ ಹೊತ್ತಿಗೆ ಕನಿಜಾರೊವಿನ ಗೆಳೆಯನಾದ ಪವೇಸಿ ಎಂಬಾತನು ಆ ಪಾಠಸಾರದ ಪ್ರತಿಗಳನ್ನು ಬಂದವರಿಗೆ ಹಂಚಿದನು. ಅದನ್ನು ಓದಿದ ಲೋಥರ್ ಮೇಯರ್ ತನ್ನ ಸಂಶಯಗಳೆಲ್ಲವೂ ತೊಲಗಿ ಕಣ್ಣು ತೆರೆದಂತಾಯಿತೆಂದು ಮುಂದೆ ಸ್ಮರಿಸಿಕೊಂಡಿದ್ದಾನೆ. ಆ ಸಭೆಯಲ್ಲಿದ್ದ ರಷ್ಯದ ಮೆಂಡಲೀವ್ 1869ರಲ್ಲಿ ಮೂಲವಸ್ತುಗಳ ಆವರ್ತ ಕೋಷ್ಟಕವನ್ನು ರಚಿಸಿದುದು ಸರಿಯಾದ ಈ ಪರಮಾಣುತೂಕಗಳ ಬಲದಿಂದಲೇ. ವಿದ್ವತ್ಸಭೆಯ ಚರ್ಚೆಯು ಬಿಡಿಸದ ಗಂಟನ್ನು ತರಗತಿಯ ಪಾಠವು ಬಿಡಿಸಿತು. ವಿದ್ಯಾರ್ಥಿಗಳಿಗೆ ತಿಳಿಯುವಂತೆ ಕ್ರಮವಾಗಿ ಹೇಳಹೊರಟ ಅಧ್ಯಾಪಕನಿಗೆ ಶಾಸ್ತ್ರವೇ ಕ್ರಮವಾಗಿ ಕಂಡಿತು.

ಅಣುಸೂತ್ರದ ನಿರ್ಣಯ

ಇನ್ನು ಪ್ರಾಯೋಗಿಕ ಸೂತ್ರದಿಂದ ಅಣುಸೂತ್ರಕ್ಕೆ ಏರುವುದು ಸುಲಭ. ಅಣುತೂಕವನ್ನು ಪ್ರಾಯೋಗಿಕ ಸೂತ್ರದ ತೂಕದಿಂದ ಭಾಗಿಸಿದರೆ ಗುಣಕವು ದೊರೆಯುವುದು. 'ಸಿ ಎಚ್₂ ಒ' ಎಂಬುದರ ತೂಕ 12, 2, 16 ಕೂಡಿ 30. ಫಾರ್ಮಾಲ್ಡಿಹೈಡಿನ ಅಣುತೂಕ 30; ಗುಣಕ 1; ಅದರ ಅಣುಸೂತ್ರವೂ 'ಸಿ ಎಚ್₂ ಒ'. ಅಸಿಟಿಕ್ ಆಮ್ಲದ ಅಣುತೂಕ 60, ಗುಣಕ 2, ಅಣುಸೂತ್ರ 'ಸಿ₂ ಎಚ್₄ ಒ₂'. ಲ್ಯಾಕ್ಟಿಕ್ ಆಮ್ಲದ್ದು 90, ಗುಣಕ 3, 'ಸಿ₃ ಎಚ್₆ ಒ₃'. ಗ್ಲೂಕೋಸಿನದು 180, ಗುಣಕ 6, 'ಸಿ₆ ಎಚ್₁₂ ಒ₆'. ಒಂದೇ ಹೆಸರಿನಡಿ ಕಲಸಿಹೋಗಿದ್ದ ನಾಲ್ವರೂ ಈಗ ಬೇರೆಬೇರೆಯಾಗಿ ನಿಂತರು.

ಅಣುತೂಕವನ್ನು ತಿಳಿಯುವ ಬಗೆಗಳು ಹಲವು. ಸುಲಭವಾಗಿ ಆವಿಯಾಗುವ ವಸ್ತುವಾದರೆ ಆವಿಯ ಸಾಂದ್ರತೆಯನ್ನು ಅಳೆಯಬಹುದು. ಆದರೆ ಅಸಿಟಿಕ್ ಆಮ್ಲದ ಆವಿಯಲ್ಲಿ, ಕುದಿಯುವ ಬಿಂದುವಿನ ಸಮೀಪದಲ್ಲಿ, ಎರಡೆರಡು ಅಣುಗಳು ಜೊತೆಗೂಡಿಕೊಂಡಿರುವುದರಿಂದ 60ಕ್ಕಿಂತ ಬಹಳ ಹೆಚ್ಚಿನ ತೂಕವು ತೋರುವುದು. ಇನ್ನೂ ಹೆಚ್ಚು ಕಾಯಿಸಿದಾಗ ಮಾತ್ರ ನಿಜವು ಹೊರಬೀಳುವುದು. ಒಂದೇ ಅಳತೆಯನ್ನು ನಂಬಿ ಕೂಡಬಾರದೆಂಬುದಕ್ಕೆ ಇದು ನಿದರ್ಶನ.

ಗ್ಲೂಕೋಸು ಆವಿಯಾಗುವ ಮೊದಲೇ ಕರಿಕಾಗುವುದು. ಇಂತಹ ವಸ್ತುಗಳಿಗೆ ಫ್ರಾನ್ಸಿನ ರೌಲ್ 1880ರ ದಶಕದಲ್ಲಿ ತೋರಿಸಿದ ಮಾರ್ಗವು ಅನುಕೂಲ. ನೀರಿನಲ್ಲಿ ಏನನ್ನಾದರೂ ಕರಗಿಸಿದರೆ ಅದು ಸೊನ್ನೆ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದು. ಒಂದು ಕಿಲೋಗ್ರಾಂ ನೀರಿನಲ್ಲಿ ಒಂದು ಮೋಲ್ ವಸ್ತು ಕರಗಿದರೆ ಈ ಇಳಿತವು 1.86 ಡಿಗ್ರಿ ಸೆಲ್ಸಿಯಸ್. 100 ಗ್ರಾಂ ನೀರಿನಲ್ಲಿ 9 ಗ್ರಾಂ ಗ್ಲೂಕೋಸನ್ನು ಕರಗಿಸಿದಾಗ ಇಳಿತವು 0.93 ಡಿಗ್ರಿ, ಅಂದರೆ 1.86ರ ಅರ್ಧ. ಕಿಲೋಗ್ರಾಮಿನ ಲೆಕ್ಕದಲ್ಲಿ 90 ಗ್ರಾಂ ಗ್ಲೂಕೋಸು ಅರ್ಧ ಮೋಲ್ ಆಯಿತು. ಒಂದು ಮೋಲಿನ ತೂಕ 180 ಗ್ರಾಂ. ಅಡುಗೆಯ ಉಪ್ಪಿಗೆ ಈ ವಿಧಾನವನ್ನು ನೇರವಾಗಿ ಅನ್ವಯಿಸಲಾಗದು. ಅದು ನೀರಿನಲ್ಲಿ ಎರಡು ಬಗೆಯ ಅಯಾನುಗಳಾಗಿ ಒಡೆಯುವುದರಿಂದ ಇಳಿತವು ಸುಮಾರು ಇಮ್ಮಡಿಯಾಗುವುದು. ಇಂದಿನ ಪ್ರಯೋಗಶಾಲೆಗಳಲ್ಲಿ ದ್ರವ್ಯರಾಶಿ ರೋಹಿತಮಾಪಕ ಎಂಬ ಯಂತ್ರವು ಅತ್ಯಲ್ಪ ವಸ್ತುವಿನಿಂದಲೇ ಅಣುತೂಕವನ್ನು ಹಲವು ದಶಾಂಶಗಳವರೆಗೆ ತಿಳಿಸುವುದು. ಆದರೂ ವಸ್ತುವನ್ನು ಸುಟ್ಟು ಅದರ ಪಾಲುಗಳನ್ನು ಅಳೆಯುವ ಕಾರ್ಯವು, ಯಂತ್ರದ ಮೂಲಕವೇ ಆದರೂ, ಇಂದಿಗೂ ನಿಂತಿಲ್ಲ.

ಎಲ್ಲ ಸಂಯುಕ್ತಗಳಿಗೂ ಅಣುಸೂತ್ರವಿರುವುದೆಂದೂ ತಿಳಿಯಬಾರದು. ಉಪ್ಪಿನ ಹರಳಿನಲ್ಲಾಗಲೀ ಕಾವಿಯ ಆಕ್ಸೈಡಿನಲ್ಲಾಗಲೀ ಬಿಡಿಬಿಡಿಯಾದ ಅಣುಗಳೇ ಇಲ್ಲ. ಕಣಗಳು ಹರಳಿನ ಉದ್ದಗಲಕ್ಕೂ ಒಂದು ಕ್ರಮದಲ್ಲಿ ಹೆಣೆದುಕೊಂಡಿರುವುವು. ಅಲ್ಲಿ ಅನುಪಾತವನ್ನು ಹೇಳುವ ಪ್ರಾಯೋಗಿಕ ಸೂತ್ರವೇ ಸಾಕು. ಅದಕ್ಕೂ ಮೀರಿದುದನ್ನು ಕೇಳುವುದು ಇಲ್ಲದುದನ್ನು ಹುಡುಕಿದಂತೆ.

ಅಣುಸೂತ್ರದ ಆಚೆಗೆ

ಅಣುಸೂತ್ರವಾದರೂ ಪೂರ್ಣವಾಗಿ ಅಸಂದಿಗ್ಧವೇ ಎಂದರೆ ಅಲ್ಲ. 'ಸಿ₂ ಎಚ್₆ ಒ' ಎಂಬುದು ಈಥೈಲ್ ಆಲ್ಕೊಹಾಲಿಗೂ ಡೈಮೀಥೈಲ್ ಈಥರಿಗೂ ಸಮಾನ. ಮೊದಲನೆಯದು ದ್ರವ, ಎರಡನೆಯದು ಸಾಮಾನ್ಯ ಉಷ್ಣತೆಯಲ್ಲಿ ಅನಿಲ. 1820ರ ದಶಕದಲ್ಲಿ ಲೀಬಿಗ್ ಪರೀಕ್ಷಿಸಿದ ಬೆಳ್ಳಿಯ ಫಲ್ಮಿನೇಟು ಮುಟ್ಟಿದರೆ ಸಿಡಿಯುವ ವಸ್ತು. ವೋಲರ್ ಪರೀಕ್ಷಿಸಿದ ಬೆಳ್ಳಿಯ ಸಯನೇಟು ಹಾಗೆ ಸಿಡಿಯದು. ಎರಡರ ಪಾಲುಗಳೂ ಒಂದೇ ಎಂದು ಕಂಡಾಗ ಲೀಬಿಗ್ ಮೊದಲು ವೋಲರನ ವಿಶ್ಲೇಷಣೆಯನ್ನೇ ಶಂಕಿಸಿದನು. ಮತ್ತೆ ಪರೀಕ್ಷಿಸಿ ಅದು ಸರಿಯೆಂದು ಒಪ್ಪಿಕೊಂಡನು. ಆ ಇಬ್ಬರೂ ಜೀವಮಾನದ ಗೆಳೆಯರಾದರು. 1830ರಲ್ಲಿ ಬರ್ಜೀಲಿಯಸ್ ಈ ವಿಶೇಷಕ್ಕೆ ಐಸೊಮೆರಿಸಂ ಎಂದು ಹೆಸರಿಟ್ಟನು. ಕನ್ನಡದಲ್ಲಿ ಅದು ಸಮಾಂಗತೆ. ಒಂದೇ ಅಕ್ಷರಗಳು ಬೇರೆಬೇರೆ ಕ್ರಮದಲ್ಲಿ ನಿಂತು 'ಕವಿ' ಎಂದೂ 'ವಿಕ' ಎಂದೂ ಆಗುವಂತೆ, ಅವುಗಳಲ್ಲಿ ಒಂದು ಅರ್ಥವುಳ್ಳದ್ದು ಮತ್ತೊಂದು ಇಲ್ಲದ್ದು ಆಗುವಂತೆ, ಪರಮಾಣುಗಳ ಜೋಡಣೆಯು ಬದಲಾದರೆ ಗುಣವೂ ಬದಲಾಗುವುದು. ಆ ಜೋಡಣೆಯನ್ನು ತಿಳಿಸುವುದು ರಚನಾಸೂತ್ರ. ಅದರ ವಿಚಾರವು ಪ್ರತ್ಯೇಕ ಪಾಠ.

ಉಪಸಂಹಾರ

ಆಮ್ಲಜನಕ ಎಂಬ ಹೆಸರನ್ನೇ ನೋಡಿರಿ. ಆಮ್ಲವನ್ನು ಹುಟ್ಟಿಸುವಂಥದು ಎಂದು ಅದರ ಯೌಗಿಕಾರ್ಥ. ಎಲ್ಲ ಆಮ್ಲಗಳಲ್ಲಿಯೂ ಅದಿರುವುದೆಂದು ಲವಾಸಿಯೆ ನಂಬಿ ಇಟ್ಟ ಹೆಸರಿನ ಅನುವಾದವದು. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂಬುದು ಅನಂತರ ತಿಳಿಯಿತು. ನಂಬಿಕೆಯು ಹೋಯಿತು, ಹೆಸರು ರೂಢಿಯಲ್ಲಿ ಉಳಿಯಿತು. ಹೆಸರು ರೂಢಿಯಿಂದ ನಿಂತೀತು; ಸೂತ್ರವು ಹಾಗೆ ನಿಲ್ಲಲಾರದು. ಅದು ತಕ್ಕಡಿಯ ಸಾಕ್ಷ್ಯದ ಮೇಲೆಯೇ ನಿಲ್ಲಬೇಕು.

ಸುಡುವುದು, ತೂಗುವುದು, ಭಾಗಿಸುವುದು, ಮತ್ತೊಮ್ಮೆ ತೂಗಿ ನೋಡುವುದು ಎಂಬಿವು ಹೊಗಳಿಕೆಯನ್ನು ತರುವ ಕೆಲಸಗಳಲ್ಲ. ಆದರೂ ಶ್ರದ್ಧೆಯಿಂದ ಮಾಡಿದಾಗ ಅದೂ ಒಂದು ಕಾಯಕವೇ. ಪರೀಕ್ಷೆಯಲ್ಲಿ ಬರುವ ಲೆಕ್ಕವನ್ನು ಬಿಡಿಸುವ ವಿದ್ಯಾರ್ಥಿಯು ಪ್ರತಿಯೊಂದು ದಶಾಂಶದ ಹಿಂದೆಯೂ ಇಂತಹ ಕಾಯಕವಿದೆಯೆಂಬುದನ್ನು ನೆನೆದರೆ, ಒಂದೂವರೆಯನ್ನು ಎರಡೆಂದು ತಿದ್ದಲು ಅವನ ಕೈ ಏಳದು.

ಅಭ್ಯಾಸ

1. ಒಂದು ವಸ್ತುವಿನಲ್ಲಿ ಇಂಗಾಲ ಶೇಕಡಾ 92.31, ಜಲಜನಕ ಶೇಕಡಾ 7.69. ಪ್ರಾಯೋಗಿಕ ಸೂತ್ರವೇನು? ಅಣುತೂಕ 26 ಆದರೆ ಅಣುಸೂತ್ರವೇನು? 78 ಆದರೆ ಏನು?

2. ಒಂದು ವಸ್ತುವಿನಲ್ಲಿ ಸಾರಜನಕ ಶೇಕಡಾ 30.43, ಆಮ್ಲಜನಕ ಶೇಕಡಾ 69.57. ಅಣುತೂಕ 92. ಸಾರಜನಕದ ಸಂಕೇತ 'ಎನ್'. ಅಣುಸೂತ್ರವನ್ನು ಕಂಡುಹಿಡಿಯಿರಿ.

ಉತ್ತರಗಳು: (1) 'ಸಿ ಎಚ್', 26 ಆದರೆ 'ಸಿ₂ ಎಚ್₂', ಅಂದರೆ ಅಸಿಟಿಲೀನ್, 78 ಆದರೆ 'ಸಿ₆ ಎಚ್₆', ಅಂದರೆ ಬೆಂಜೀನ್. (2) ಪ್ರಾಯೋಗಿಕ ಸೂತ್ರ 'ಎನ್ ಒ₂', ಅದರ ತೂಕ 46, ಗುಣಕ 2. ಅಣುಸೂತ್ರ 'ಎನ್₂ ಒ₄'.